ರಕ್ತ ಬರೆದಿಡುವ ಲೆಕ್ಕ

ಶ್ರಾವಣದ ಜಡಿಮಳೆ ಹಿಡಿದಾಗ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆಗೆ ಹೋದವರು ಕಾವೇರಿಯ ಸೊಬಗಿನೊಡನೆ ಇನ್ನೊಂದು ದೃಶ್ಯವನ್ನೂ ಕಾಣುತ್ತಾರೆ. ವರ್ಜೀನಿಯಾ ಹೊಗೆಸೊಪ್ಪಿನ ಹೊಲಗಳಲ್ಲಿ ಹೆಂಗಸರು ಬಗ್ಗಿ, ಗಿಡದ ತಳದ ಎಲೆಗಳನ್ನು ಮುರಿದು, ಕಂಕುಳಲ್ಲಿ ಅವುಚಿಕೊಂಡು ಬರುತ್ತಾರೆ. ಎಲೆಯ ಮೇಲಿನ ನೀರು ತೋಳು, ಸೆರಗು, ರವಿಕೆಗಳನ್ನೆಲ್ಲ ತೊಯ್ಯಿಸುತ್ತದೆ. ಇಂತಹ ಕೆಲಸ ಮಾಡಿದವರಲ್ಲಿ ಕೆಲವರಿಗೆ ಸಂಜೆಗೆ ತಲೆಸುತ್ತು, ಓಕರಿಕೆ. ಮುಖ ಬಿಳಿಚಿಕೊಳ್ಳುವುದೂ ಉಂಟು. ಮನೆಯ ಹಿರಿಯರು ಪಿತ್ತವೆಂದು ಮಜ್ಜಿಗೆ ಕುಡಿಸಿಯಾರು, ದೃಷ್ಟಿಯೆಂದು ನಿವಾಳಿಸಿಯಾರು. ಅವರ ಮೇಲೆ ತಪ್ಪು ಹೊರಿಸುವಂತಿಲ್ಲ. ಕಾರಣ ಕಣ್ಣಿಗೆ ಕಾಣುವಂತಹುದಲ್ಲ.

ಎಲೆಯಲ್ಲಿರುವ ನಿಕೋಟಿನ್ ಮಂಜಿನ ಹನಿಯಲ್ಲಿ ಕರಗಿ, ಚರ್ಮದ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ಬೀಡಿಯನ್ನು ಕೈಯಿಂದಲೂ ಮುಟ್ಟದ ಹೆಂಗಸು ಹೀಗೆ ಹೊಗೆಸೊಪ್ಪಿನ ವಿಷಕ್ಕೆ ತುತ್ತಾಗುತ್ತಾಳೆ. ಇದಕ್ಕಿಂತ ವಿಚಿತ್ರವೇನೆಂದರೆ, ಧೂಮಪಾನ ಮಾಡಿ ಪಳಗಿದ ಗಂಡಸಿಗೆ ಈ ಬಾಧೆ ಕಡಿಮೆ! ವೈದ್ಯರು ಇದನ್ನು ಹಸಿರು ಹೊಗೆಸೊಪ್ಪಿನ ಕಾಯಿಲೆ ಎನ್ನುತ್ತಾರೆ. 1970ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇದರ ವರ್ಣನೆ ಪ್ರಕಟವಾಯಿತು. ಮುಂದೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಗುಜರಾತಿನ ಹೊಗೆಸೊಪ್ಪಿನ ಕೂಲಿಗಳಲ್ಲಿಯೂ ಇದನ್ನು ಗುರುತಿಸಿ, ಅವರ ಮೂತ್ರದಲ್ಲಿ ನಿಕೋಟಿನ್ ಮತ್ತು ಕೋಟಿನೈನ್‌ಗಳನ್ನು ಅಳೆದರು.

ಕೋಟಿನೈನ್ ಎಂದರೇನು? ದೇಹವು ನಿಕೋಟಿನನ್ನು ಅರಗಿಸುವಾಗ ಉಳಿಯುವ ವಸ್ತು. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕೋಟಿನೈನ್ ಅರ್ಧಕ್ಕಿಳಿಯಲು ಸುಮಾರು ಹದಿನಾರು ಗಂಟೆಗಳು ಬೇಕು. ಕಳ್ಳ ಓಡಿಹೋದರೂ ಹೆಜ್ಜೆಯ ಗುರುತು ಅಂಗಳದಲ್ಲಿ ಉಳಿದಂತೆ. ಇಂತಹ ಗುರುತುಗಳಿಗೇ ವಿಜ್ಞಾನಿಗಳು ಜೈವಿಕ ಸೂಚಕಗಳು, ಬಯೋಮಾರ್ಕರ್‌ಗಳು ಎನ್ನುವುದು. ಗಾಳಿಯಲ್ಲಿ, ನೀರಿನಲ್ಲಿ ವಿಷವೆಷ್ಟಿದೆ ಎಂಬುದು ಒಂದು ಪ್ರಶ್ನೆ. ಅದರಲ್ಲಿ ನಮ್ಮೊಳಗೆ ಹೊಕ್ಕದ್ದೆಷ್ಟು ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಹೇಳಬಲ್ಲದ್ದು ದೇಹವೊಂದೇ.

ಆದರೆ ಪ್ರತಿಯೊಂದು ವಿಷಕ್ಕೂ ಬೇರೆ ಬೇರೆ ಸಾಕ್ಷಿ ಬೇಕು. ಹಾಸನದ ಸುತ್ತಿನ ಆಲೂಗಡ್ಡೆಯನ್ನೇ ನೋಡಿ. ಮುಂಗಾರಿನ ಮೋಡ ಕವಿದೊಡನೆ ಅಂಗಮಾರಿಯ ಭಯ. ರೈತ ಬೆನ್ನಿಗೆ ಸಿಂಪಡಣೆಯ ಡಬ್ಬ ಏರಿಸಿ ಮ್ಯಾಂಕೋಜೆಬ್ ಹೊಡೆಯುತ್ತಾನೆ. ಇದರ ಗುರುತನ್ನು ಮೂತ್ರದಲ್ಲಿ, ಎಥಿಲೀನ್ ಥಯೋಯೂರಿಯಾ ಎಂಬ ವಸ್ತುವಿನ ರೂಪದಲ್ಲಿ ಹುಡುಕಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಥೈರಾಯ್ಡ್ ಗ್ರಂಥಿಯನ್ನು ಕೆಡಿಸಿದ್ದು ಕಂಡಿದೆ.

ಚನ್ನರಾಯಪಟ್ಟಣದಂತಹ ತೆಂಗಿನ ಸೀಮೆಯ ಕಥೆ ಇನ್ನೊಂದು ಬಗೆಯದು. ಕಪ್ಪು ತಲೆಯ ಹುಳು ಗರಿಗಳನ್ನು ತಿಂದು ಒಣಗಿಸಿದಾಗ ಮರದ ಬೇರಿಗೆ ಮಾನೊಕ್ರೊಟೊಫಾಸ್ ಉಣಿಸುವ ಪದ್ಧತಿಯೊಂದು ತೆಂಗಿನ ಬೆಳೆಗಾರರಲ್ಲಿ ಬೆಳೆದುಬಂದಿತ್ತು. ತರಕಾರಿಗಳ ಮೇಲೆ ಇದರ ಬಳಕೆಯನ್ನು 2005ರಲ್ಲಿಯೇ ನಿಷೇಧಿಸಲಾಯಿತು. ಈ ಜಾತಿಯ ಸಾವಯವ ರಂಜಕ ವಿಷಗಳು ನಮ್ಮ ನರಗಳ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ಅದರ ಹೆಸರು ಕೋಲಿನೆಸ್ಟರೇಸ್. ನರವು ಸ್ನಾಯುವಿಗೆ ಕಳುಹಿಸಿದ ಸಂದೇಶವನ್ನು ಕೆಲಸ ಮುಗಿದೊಡನೆ ಅಳಿಸಿಹಾಕುವುದು ಅದರ ಕರ್ತವ್ಯ. ಅಳಿಸುವವನೇ ಇಲ್ಲವಾದರೆ ಸಂದೇಶ ನಿಲ್ಲದು: ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆಯಷ್ಟು, ಉಸಿರಾಟಕ್ಕೇ ಸಂಕಟ.

ಅದೃಷ್ಟವಶಾತ್ ಈ ಕಿಣ್ವ ರಕ್ತದಲ್ಲಿಯೂ ಇದೆ. ಸ್ವಲ್ಪ ರಕ್ತ ತೆಗೆದು ಅಳೆಯಬಹುದು. ಇಲ್ಲಿಯೇ ಒಂದು ತೊಡಕು. ಆರೋಗ್ಯವಂತರಲ್ಲಿಯೇ ಒಬ್ಬರಿಂದೊಬ್ಬರಿಗೆ ಇದರ ಮಟ್ಟ ಬಹಳ ಬೇರೆಯಾಗಿರುತ್ತದೆ. ನಿಮ್ಮ ಇಂದಿನ ಅಂಕೆಗೆ ಅರ್ಥ ಬರಬೇಕಾದರೆ ವಿಷ ಮುಟ್ಟುವ ಮುನ್ನ ನಿಮ್ಮದೇ ಅಂಕೆ ಎಷ್ಟಿತ್ತೆಂದು ತಿಳಿದಿರಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ 1974ರಿಂದ ಇದು ಕಾನೂನು: ಔಷಧ ಹೊಡೆಯುವ ಕಾರ್ಮಿಕನಿಗೆ ಮೊದಲೇ ಪರೀಕ್ಷೆ, ಮಟ್ಟವು ಶೇಕಡ 80ಕ್ಕಿಂತ ಇಳಿದರೆ ಕೆಲಸದ ರೀತಿಯ ವಿಚಾರಣೆ, ಕೆಂಪು ಕಣಗಳಲ್ಲಿ 70ಕ್ಕೆ ಇಳಿದರೆ ಆತನನ್ನು ಆ ಕೆಲಸದಿಂದಲೇ ದೂರವಿಡಬೇಕು. ನಮ್ಮಲ್ಲಿ ಈ ಪರೀಕ್ಷೆಯ ನೆನಪಾಗುವುದು ಸಾಮಾನ್ಯವಾಗಿ ವಿಷಪ್ರಾಶನವಾದವರನ್ನು ಆಸ್ಪತ್ರೆಗೆ ಹೊತ್ತು ತಂದಾಗ. ಊರು ಸುಟ್ಟ ಮೇಲೆ ಬಾವಿ ತೋಡಿದಂತೆ!

ಮೀನಿನ ಮಿದುಳಿನಲ್ಲಿಯೂ ಇದೇ ಜಾತಿಯ ಕಿಣ್ವವಿದೆ. ಗೊರೂರು ಅಣೆಕಟ್ಟಿನ ಮೇಲಿನ ಮೀನನ್ನೂ ಹೊಳೆನರಸೀಪುರದ ಬಳಿಯ ಹೇಮಾವತಿಯ ಮೀನನ್ನೂ ಹೋಲಿಸಿದರೆ, ನಡುವಿನ ಹೊಲಗಳಿಂದ ಹರಿದುಬಂದ ವಿಷದ ಸುಳಿವು ಸಿಗಬಹುದು. ಒಂದು ಬಾಟಲಿ ನೀರು ಹೇಳುವುದು ಆ ಗಳಿಗೆಯ ಮಾತು. ಮೀನು ಹೇಳುವುದು ಕೆಲವು ದಿನಗಳದ್ದು.

ಮೊದಲ ಪುಟವಿಲ್ಲದ ಲೆಕ್ಕವನ್ನು ಓದುವ ಕಷ್ಟ ಎಂತಹುದೆಂಬುದನ್ನು ಕಾಸರಗೋಡಿನ ಕನ್ನಡಿಗರನ್ನು ಕೇಳಬೇಕು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಕೇರಳ ಪ್ಲಾಂಟೇಶನ್ ನಿಗಮದ ಗೇರುತೋಟಗಳ ಮೇಲೆ ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ, 2000ದವರೆಗೆ, ಆಕಾಶದಿಂದ ಎಂಡೋಸಲ್ಫಾನ್ ಸುರಿಯಿತು. ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ರೋಗಿಗಳಲ್ಲಿ ಕಂಡ ವಿಪರೀತಗಳನ್ನು ಬಹಿರಂಗವಾಗಿ ಹೇಳತೊಡಗಿದರು. 2001ರಲ್ಲಿ ಅದೇ ಅಹಮದಾಬಾದಿನ ಸಂಸ್ಥೆ ಮಕ್ಕಳ ರಕ್ತ ಪರೀಕ್ಷೆಗೆ ಬಂದಿತು. ಆದರೆ ಹೆಲಿಕಾಪ್ಟರ್ ಬರುವ ಮೊದಲಿನ ರಕ್ತವನ್ನು ಯಾರು ತೆಗೆದಿಟ್ಟಿದ್ದರು? ಹೀಗಾಗಿ ಸಿಂಪಡಣೆಯಿಲ್ಲದ ಮೀಂಜ ಪಂಚಾಯತಿನ ಮಕ್ಕಳೇ ಅಳತೆಗೋಲಾದರು. 2003ರಲ್ಲಿ ಪ್ರಕಟವಾದ ವರದಿಯಂತೆ, ಸಿಂಪಡಣೆ ನಿಂತು ತಿಂಗಳುಗಳು ಕಳೆದಿದ್ದರೂ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ ನೂರು ಕೋಟಿಯಲ್ಲಿ 7.47 ಭಾಗ, ಮೀಂಜದವರಲ್ಲಿ 1.37 ಭಾಗ. ಪ್ರಾಯಕ್ಕೆ ಬರುವುದರಲ್ಲಿಯೂ ಪಡ್ರೆಯ ಹುಡುಗರು ಹಿಂದೆ ಬಿದ್ದಿದ್ದರು.

ವಾದವಿವಾದಗಳು ನಿಲ್ಲಲಿಲ್ಲ. ರಕ್ತದಲ್ಲಿ ವಿಷ ಕಂಡಿತೆಂದ ಮಾತ್ರಕ್ಕೆ ಇಂತಹ ರೋಗ ಅದರಿಂದಲೇ ಬಂದಿತೆಂದು ಸಿದ್ಧವಾಗದು ಎಂಬುದೂ ನಿಜವೇ. ಆದರೆ ವಿಷ ನಮ್ಮ ಮಕ್ಕಳೊಳಗೆ ಹೊಕ್ಕೇ ಇಲ್ಲವೆನ್ನುವ ಬಾಯಿ ಅಂದಿಗೆ ಮುಚ್ಚಿತು. 2011ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶಾದ್ಯಂತ ಎಂಡೋಸಲ್ಫಾನನ್ನು ತಡೆಹಿಡಿಯಿತು.

ಹಾಸನದ ಸೀಮೆಗೆ ಇನ್ನೂ ಅವಕಾಶವಿದೆ. ಹೊಗೆಸೊಪ್ಪಿನ ಸಸಿ ನೆಡುವುದೂ ಆಲೂಗಡ್ಡೆಯ ಬಿತ್ತನೆಯೂ ಮುಂಗಾರಿನ ಮೊದಲ ಮಳೆಗಳೊಡನೆ. ಅದಕ್ಕೆ ಮುನ್ನ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಒಂದು ಸೀಸೆ ಮೂತ್ರ, ಸ್ವಲ್ಪ ರಕ್ತ. ಎಲೆ ಮುರಿಯುವ ಕಾಲಕ್ಕೆ ಮತ್ತೊಮ್ಮೆ. ಅಲ್ಲಿಯವರೆಗೆ, ಮಂಜು ಆರಿದ ಮೇಲೆ ಹೊಲಕ್ಕಿಳಿಯುವುದು, ತೋಳು ಮುಚ್ಚುವ ಅಂಗಿ ಮತ್ತು ಕೈಗವಸು ತೊಡುವುದು, ತೊಯ್ದ ಬಟ್ಟೆಯನ್ನು ಕೂಡಲೇ ಬದಲಿಸಿ ಸೋಪು ಹಚ್ಚಿ ಮೈ ತೊಳೆಯುವುದು, ಇವಕ್ಕೆ ಯಾವ ಪ್ರಯೋಗಶಾಲೆಯ ಅಪ್ಪಣೆಯೂ ಬೇಕಿಲ್ಲ.