ಹನುಕ್ಕಾ: ವಿಜಯದ ನೆನಪು, ದೀಪದ ವಿಧಿ

ಯೆಹೂದ್ಯರ ಪಂಚಾಂಗದ ಕಿಸ್ಲೇವ್ ಮಾಸದ 25ನೆಯ ದಿನದಿಂದ ಎಂಟು ದಿನಗಳವರೆಗೆ ಆಚರಿಸಲಾಗುವ ಹಬ್ಬವೇ ಹನುಕ್ಕಾ. ಚಾಂದ್ರಮಾನ ಮಾಸಗಳನ್ನು ಅಧಿಕಮಾಸದ ಮೂಲಕ ಋತುಗಳಿಗೆ ಹೊಂದಿಸುವ ಪಂಚಾಂಗ ಅದಾದುದರಿಂದ, ಹಬ್ಬವು ಸಾಮಾನ್ಯವಾಗಿ ನವೆಂಬರ್ ಕೊನೆಯಲ್ಲಿ ಅಥವಾ ಡಿಸೆಂಬರಿನಲ್ಲಿ ಬರುತ್ತದೆ. 'ಹನುಕ್ಕಾ' ಎಂಬ ಹೀಬ್ರೂ ಶಬ್ದಕ್ಕೆ ಪ್ರತಿಷ್ಠಾಪನೆ, ಸಮರ್ಪಣೆ ಎಂದು ಅರ್ಥ. ಇಂದು ಇದು ದೀಪಗಳ ಹಬ್ಬವೆಂದೇ ಪ್ರಸಿದ್ಧವಾಗಿದ್ದರೂ, ಇದರ ಅತ್ಯಂತ ಪ್ರಾಚೀನ ಆಕರಗಳಲ್ಲಿ ಎಣ್ಣೆಯ ಪವಾಡದ ಪ್ರಸ್ತಾಪವಿಲ್ಲ. ಯುದ್ಧವಿಜಯವೊಂದರ ಸ್ಮರಣೆಯು ಮನೆಬಾಗಿಲ ಹಣತೆಯ ವಿಧಿಯಾಗಿ ರೂಪುಗೊಂಡ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕ್ರಿ.ಪೂ. 200ರ ಸುಮಾರಿಗೆ ಯೆಹೂದ ಪ್ರಾಂತವು ಸೆಲ್ಯೂಕಸ್ ವಂಶದ ಗ್ರೀಕ್ ಅರಸರ ಅಧೀನಕ್ಕೆ ಬಂದಿತು. ಗ್ರೀಕ್ ಸಂಸ್ಕೃತಿಯ ಆಕರ್ಷಣೆ ಕೇವಲ ಹೊರಗಿನಿಂದ ಹೇರಲ್ಪಟ್ಟದ್ದಲ್ಲ. ಹಣ ತೆತ್ತು ಮಹಾಯಾಜಕ ಪದವಿಯನ್ನು ಪಡೆದ ಯಾಸೋನನು ಜೆರೂಸಲೆಮಿನಲ್ಲಿ ಗ್ರೀಕ್ ಮಾದರಿಯ ವ್ಯಾಯಾಮಶಾಲೆಯನ್ನು ಕಟ್ಟಿಸಿದ್ದನು. ಕ್ರಿ.ಪೂ. 167ರಲ್ಲಿ ನಾಲ್ಕನೆಯ ಆಂಟಿಯೋಕಸನು ಸಬ್ಬತ್ ಆಚರಣೆಯನ್ನೂ ಸುನ್ನತಿಯನ್ನೂ ನಿಷೇಧಿಸಿ, ದೇವಾಲಯವನ್ನು ಜ್ಯೂಸ್ ದೇವತೆಗೆ ಮೀಸಲಿಟ್ಟನು. ಮೋದಿಯಿನ್ ಊರಿನ ಯಾಜಕ ಮತ್ತಥಿಯಾಸನೂ ಅವನ ಮಕ್ಕಳೂ ಇದರ ವಿರುದ್ಧ ದಂಗೆಯೆದ್ದರು. ಮಕ್ಕಳಲ್ಲಿ ಒಬ್ಬನಾದ ಯೂದ ಮಕ್ಕಬಿಯು ಕ್ರಿ.ಪೂ. 164ರಲ್ಲಿ ದೇವಾಲಯವನ್ನು ವಶಪಡಿಸಿಕೊಂಡು, ಶುದ್ಧಗೊಳಿಸಿ, ಹೊಸ ಬಲಿಪೀಠವನ್ನು ಪ್ರತಿಷ್ಠಾಪಿಸಿದನು. ಹಬ್ಬದ ಹೆಸರಿಗೆ ಈ ಪ್ರತಿಷ್ಠಾಪನೆಯೇ ಮೂಲ.

ಈ ವೃತ್ತಾಂತಕ್ಕೆ ಮಕ್ಕಬಿಯರ ಮೊದಲ ಹಾಗೂ ಎರಡನೆಯ ಗ್ರಂಥಗಳು ಮುಖ್ಯ ಆಧಾರ. ಎರಡರಲ್ಲಿಯೂ ದೇವಾಲಯದ ದೀಪಗಳನ್ನು ಮತ್ತೆ ಹಚ್ಚಿದ ಉಲ್ಲೇಖವಿದೆ, ಪವಾಡದ ಉಲ್ಲೇಖವಿಲ್ಲ. ಹಬ್ಬಕ್ಕೆ ಎಂಟು ದಿನಗಳೇಕೆ ಎಂಬುದಕ್ಕೆ ಎರಡನೆಯ ಗ್ರಂಥವು ಬೇರೆಯೇ ಕಾರಣವನ್ನು ಸೂಚಿಸುತ್ತದೆ. ಗುಡ್ಡಗವಿಗಳಲ್ಲಿ ಅಡಗಿದ್ದಾಗ ಸರಿಯಾಗಿ ಆಚರಿಸಲಾಗದೆ ಹೋದ ಪರ್ಣಶಾಲೆಗಳ ಹಬ್ಬವನ್ನು ನೆನೆದು, ಅದರ ರೀತಿಯಲ್ಲಿಯೇ ಎಂಟು ದಿನ ಸಂಭ್ರಮಿಸಿದರು ಎಂಬುದೇ ಆ ಕಾರಣ. ಕ್ರಿ.ಶ. ಮೊದಲ ಶತಮಾನದ ಇತಿಹಾಸಕಾರ ಜೋಸೆಫಸನು ಹಬ್ಬವನ್ನು 'ದೀಪಗಳು' ಎಂದೇ ಕರೆದರೂ, ಅನಿರೀಕ್ಷಿತವಾಗಿ ದೊರೆತ ಸ್ವಾತಂತ್ರ್ಯದಿಂದ ಆ ಹೆಸರು ಬಂದಿರಬೇಕೆಂದು ಊಹಿಸುತ್ತಾನೆ.

ಎಣ್ಣೆಯ ಕಥೆಯು ಪ್ರಸಿದ್ಧ ರೂಪದಲ್ಲಿ ದೊರೆಯುವುದು ಬ್ಯಾಬಿಲೋನಿನ ತಾಲ್ಮುದ್‌ನಲ್ಲಿ. ಮಹಾಯಾಜಕನ ಮುದ್ರೆಯಿದ್ದ ಒಂದೇ ಒಂದು ಎಣ್ಣೆಯ ಕುಡಿಕೆ ಉಳಿದಿತ್ತು. ಒಂದು ದಿನಕ್ಕೆ ಸಾಲುವಷ್ಟಿದ್ದ ಆ ಎಣ್ಣೆ ಎಂಟು ದಿನ ಉರಿಯಿತು ಎಂಬುದು ಅದರ ಸಾರ. ಮಕ್ಕಬಿಯರ ವಂಶಸ್ಥರು ಮುಂದೆ ರಾಜಪದವಿಯನ್ನೂ ಯಾಜಕಪದವಿಯನ್ನೂ ಒಟ್ಟಿಗೆ ಹಿಡಿದುದು ರಬ್ಬಿಗಳಿಗೆ ಹಿಡಿಸಲಿಲ್ಲವೆಂದೂ, ರೋಮಿನ ವಿರುದ್ಧ ಎದ್ದ ದಂಗೆಗಳ ದುರಂತದ ಬಳಿಕ ಖಡ್ಗಕ್ಕಿಂತ ದೀಪವನ್ನು ಮುಂದಿರಿಸುವುದು ಅವರಿಗೆ ಯುಕ್ತವೆನಿಸಿತೆಂದೂ ಕೆಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಆದರೂ ವಿಜಯದ ನೆನಪು ಅಳಿಸಿಹೋಗಲಿಲ್ಲ. ಈ ದಿನಗಳ ಪ್ರಾರ್ಥನೆಯಲ್ಲಿ ಸೇರಿಸುವ ಕೃತಜ್ಞತಾವಚನವು ಯುದ್ಧವನ್ನು ಸ್ಮರಿಸುತ್ತದೆ. ಎಣ್ಣೆಯ ಪವಾಡವನ್ನು ಹೇಳುವುದಿಲ್ಲ.

ಯೆಹೂದ್ಯರ ಮೂಲ ಧರ್ಮಗ್ರಂಥವಾದ ತೋರಾದಲ್ಲಿ ಈ ಹಬ್ಬವಿಲ್ಲ. ಈ ಸಂಗತಿಯು ಭಾರತದ ಯೆಹೂದ್ಯರ ಇತಿಹಾಸದ ಚರ್ಚೆಯಲ್ಲಿಯೂ ಪ್ರಸ್ತುತವಾಗಿದೆ. ಕೊಂಕಣ ತೀರದ ಬೆನೆ ಇಸ್ರೇಲರು ಹಿಂದೆ ಗಾಣದ ಕಸುಬಿನವರಾಗಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಮರಾಠಿಯಲ್ಲಿ ಅವರಿಗೆ 'ಶನಿವಾರ ತೇಲಿ' ಎಂಬ ಹೆಸರು ಬಂದಿತ್ತು. ಇತರ ಯೆಹೂದ್ಯರ ಸಂಪರ್ಕ ಬೆಳೆಯುವ ಮುನ್ನ ಅವರಲ್ಲಿ ಹನುಕ್ಕಾ ಆಚರಣೆ ಇರಲಿಲ್ಲ. ಆದ್ದರಿಂದ ಅವರ ಪೂರ್ವಿಕರು ಕ್ರಿ.ಪೂ. 164ಕ್ಕೂ ಮೊದಲೇ ಸ್ವದೇಶವನ್ನು ಬಿಟ್ಟಿರಬೇಕೆಂಬ ವಾದವಿದೆ. ಆದರೆ ದೀರ್ಘಕಾಲ ಪ್ರತ್ಯೇಕವಾಗಿ ಬಾಳಿದ ಸಮುದಾಯದಲ್ಲಿ ಆಚರಣೆಗಳು ಮರೆತುಹೋಗುವುದೂ ಸಾಧ್ಯ. ಒಂದು ಹಬ್ಬದ ಅಭಾವವನ್ನೇ ಕಾಲನಿರ್ಣಯಕ್ಕೆ ಆಧಾರವಾಗಿಸುವುದು ಉಚಿತವಲ್ಲ.

ಇನ್ನು ವಿಧಿಗಳನ್ನು ನೋಡಬಹುದು. ಮನೆಗೊಂದರಂತೆ ಪ್ರತಿರಾತ್ರಿ ಒಂದು ದೀಪವನ್ನು ಹಚ್ಚುವುದು ಕನಿಷ್ಠ ಕರ್ತವ್ಯ. ಇದು ಸ್ತ್ರೀಪುರುಷರಿಬ್ಬರಿಗೂ ಅನ್ವಯಿಸುತ್ತದೆ. ದೀಪಗಳ ಸಂಖ್ಯೆಯ ವಿಷಯದಲ್ಲಿ ಎರಡು ಪಂಥಗಳ ನಡುವೆ ಭಿನ್ನಾಭಿಪ್ರಾಯವಿತ್ತು. ಶಮ್ಮಾಯಿ ಪಂಥದ ಪ್ರಕಾರ ಎಂಟರಿಂದ ಆರಂಭಿಸಿ ಇಳಿಸಬೇಕು. ಹಿಲ್ಲೆಲ್ ಪಂಥದ ಪ್ರಕಾರ ಒಂದರಿಂದ ಆರಂಭಿಸಿ ಏರಿಸಬೇಕು. ಪರ್ಣಶಾಲೆಗಳ ಹಬ್ಬದ ಬಲಿಗಳು ದಿನೇ ದಿನೇ ಇಳಿಯುತ್ತಿದ್ದುದು ಮೊದಲನೆಯ ಪಕ್ಷಕ್ಕೆ ತಾಲ್ಮುದ್ ಕೊಡುವ ಕಾರಣಗಳಲ್ಲೊಂದು. ಪವಿತ್ರ ವಿಷಯಗಳಲ್ಲಿ ಏರಬೇಕೇ ಹೊರತು ಇಳಿಯಬಾರದೆಂಬುದು ಎರಡನೆಯದರ ಸಮರ್ಥನೆ. ರೂಢಿಯಲ್ಲಿ ನಿಂತದ್ದು ಹಿಲ್ಲೆಲ್ ಪಕ್ಷ. ಎಂಟು ರಾತ್ರಿಗಳಲ್ಲಿ ಹಚ್ಚುವ ದೀಪಗಳು ಒಟ್ಟು 36.

ದೀಪದ ಉದ್ದೇಶ ಪವಾಡವನ್ನು ಪ್ರಚುರಪಡಿಸುವುದು. ಆದುದರಿಂದ ಅದನ್ನು ಬಾಗಿಲ ಹೊರಗೆ, ಮಹಡಿಯ ಮನೆಯಾದರೆ ಬೀದಿಯ ಕಡೆಯ ಕಿಟಕಿಯಲ್ಲಿ, ಸಂತೆಯ ಜನಸಂಚಾರ ನಿಲ್ಲುವವರೆಗೆ ಉರಿಯುವಂತೆ ಇರಿಸಬೇಕು. ಅಪಾಯದ ಕಾಲದಲ್ಲಿ ಮನೆಯೊಳಗೆ ಮೇಜಿನ ಮೇಲಿಟ್ಟರೂ ಸಾಕು. ಕಿರುಕುಳಕ್ಕೆ ಒಳಗಾದ ಜನರ ಅನುಭವ ಈ ವಿನಾಯಿತಿಯ ಹಿಂದಿದೆ. ಆ ಬೆಳಕಿನಲ್ಲಿ ಓದುವಂತಿಲ್ಲ, ಕೆಲಸ ಮಾಡುವಂತಿಲ್ಲ. ಪಕ್ಕದಲ್ಲಿ 'ಶಮಾಷ್', ಎಂದರೆ ಸೇವಕ, ಎಂಬ ಒಂಬತ್ತನೆಯ ದೀಪವನ್ನಿಡುವ ರೂಢಿ ಬಂದದ್ದು ಇದರಿಂದಲೇ. ಕ್ರಿ.ಶ. 200ರ ಸುಮಾರಿನ ಮಿಷ್ನಾದಲ್ಲಿ ಹನುಕ್ಕಾಕ್ಕೆ ಪ್ರತ್ಯೇಕ ಅಧ್ಯಾಯವಿಲ್ಲವಾದರೂ ಹೊಣೆಗಾರಿಕೆಯ ಪ್ರಶ್ನೆಯೊಂದಿದೆ. ಅಗಸೆನಾರು ಹೊತ್ತ ಒಂಟೆಗೆ ಅಂಗಡಿಯ ಹೊರಗಿಟ್ಟ ದೀಪ ತಗುಲಿ ಬೆಂಕಿ ಹತ್ತಿದರೆ ಹೊಣೆ ಅಂಗಡಿಯವನದು. ಅದು ಹನುಕ್ಕಾ ದೀಪವಾಗಿದ್ದರೆ ಅವನು ಹೊಣೆಯಲ್ಲವೆಂಬುದು ರಬ್ಬಿ ಯೆಹೂದಾನ ಮತ.

ಭಿಕ್ಷೆಯಿಂದ ಜೀವಿಸುವವನೂ ಸಾಲ ಮಾಡಿಯಾದರೂ, ಉಡುಪನ್ನು ಮಾರಿಯಾದರೂ ಈ ದೀಪಕ್ಕೆ ಎಣ್ಣೆ ತರಬೇಕೆಂದು 12ನೆಯ ಶತಮಾನದ ಮೈಮೊನಿಡಿಸನು ವಿಧಿಸುತ್ತಾನೆ. ಇಷ್ಟು ಕಟ್ಟುನಿಟ್ಟಾದ ವಿಧಿಗೂ ಒಂದು ಎಲ್ಲೆಯಿದೆ. ಸಬ್ಬತ್ತಿನಲ್ಲಿ ಬೆಂಕಿ ಹೊತ್ತಿಸುವಂತಿಲ್ಲವಾದುದರಿಂದ, ಶುಕ್ರವಾರ ಸೂರ್ಯಾಸ್ತಕ್ಕೆ ಮುನ್ನ ಹಚ್ಚಿದ ದೀಪವೇ ಆ ರಾತ್ರಿ ಮನೆಗೆ ಬೆಳಕು. ಒಂದೇ ದೀಪಕ್ಕೆ ಸಾಲುವಷ್ಟು ಎಣ್ಣೆಯಿರುವ ಬಡವನು ಯಾವುದನ್ನು ಹಚ್ಚಬೇಕು? ಮನೆಯ ದೀಪವನ್ನೇ ಎಂದು ತಾಲ್ಮುದ್ ನಿರ್ಣಯಿಸುತ್ತದೆ. ಕತ್ತಲಲ್ಲಿ ಕುಳಿತ ಮನೆಯಲ್ಲಿ ನೆಮ್ಮದಿಯಿರದು. ಮೈಮೊನಿಡಿಸನು ಹನುಕ್ಕಾ ವಿಧಿಗಳನ್ನು ಮುಗಿಸುವುದು ಇದೇ ನಿರ್ಣಯದಿಂದ, ಶಾಂತಿಯ ಹಿರಿಮೆಯನ್ನು ಹೇಳಿ. ಯುದ್ಧದ ಗೆಲುವಿನಿಂದ ಹುಟ್ಟಿದ ಹಬ್ಬದ ಶಾಸ್ತ್ರವು ಹೀಗೆ ಮನೆಯ ಶಾಂತಿಯನ್ನು ವಿಜಯದ ದೀಪಕ್ಕಿಂತ ಮೇಲಿರಿಸಿದೆ.