ಲೋಟಸ್ 49: ಎಂಜಿನ್ನೇ ಚೌಕಟ್ಟಾದ ಕಾರು

1966ರಲ್ಲಿ ಫಾರ್ಮುಲಾ ಒನ್ ಸ್ಪರ್ಧೆಗಳ ನಿಯಮಾವಳಿ ಬದಲಾಗಿ, ಎಂಜಿನ್ನಿನ ಗರಿಷ್ಠ ಗಾತ್ರವು ಒಂದೂವರೆ ಲೀಟರಿನಿಂದ ಮೂರು ಲೀಟರಿಗೆ ಏರಿತು. ಅದುವರೆಗೆ ಇಂಗ್ಲೆಂಡಿನ ಹಲವು ತಂಡಗಳಿಗೆ ಎಂಜಿನ್ ಒದಗಿಸುತ್ತಿದ್ದ ಕೊವೆಂಟ್ರಿ ಕ್ಲೈಮ್ಯಾಕ್ಸ್ ಸಂಸ್ಥೆಯು ಕಣದಿಂದ ಹಿಂದೆ ಸರಿಯಿತು. ಲೋಟಸ್ ಸಂಸ್ಥೆಯ ಸ್ಥಾಪಕ ಕಾಲಿನ್ ಚಾಪ್‌ಮನ್ ಈ ಕೊರತೆಯನ್ನು ನೀಗಿಸಿಕೊಳ್ಳಲು ಬ್ರಿಟನ್ನಿನ ಫೋರ್ಡ್ ಸಂಸ್ಥೆಯ ನೆರವನ್ನು ಕೋರಿದರು. ಅಲ್ಲಿನ ವಾಲ್ಟರ್ ಹೇಯ್ಸ್ ಅವರ ಬೆಂಬಲದಿಂದ 1,00,000 ಪೌಂಡುಗಳ ಯೋಜನೆ ಮಂಜೂರಾಯಿತು. ಕಾಸ್ವರ್ತ್ ಸಂಸ್ಥೆಯ ಕೀತ್ ಡಕ್‌ವರ್ತ್ ಎಂಟು ಸಿಲಿಂಡರುಗಳ ಡಿ.ಎಫ್.ವಿ. ಎಂಜಿನ್ನನ್ನು ರೂಪಿಸಿದರೆ, ಚಾಪ್‌ಮನ್ ಮತ್ತು ಮಾರಿಸ್ ಫಿಲಿಪ್ ಅದಕ್ಕೆಂದೇ ಏಕಾಸನದ ಕಾರೊಂದನ್ನು ವಿನ್ಯಾಸಗೊಳಿಸಿದರು. ಅದೇ ಲೋಟಸ್ 49.

ಸಾಮಾನ್ಯ ರಚನೆಯಲ್ಲಿ ಎಂಜಿನ್ನು ಚೌಕಟ್ಟಿನ ಮೇಲೆ ಹೊರಿಸಿದ ಭಾರ ಮಾತ್ರ. ಲೋಟಸ್ 49ರಲ್ಲಿ ಅಲ್ಯೂಮಿನಿಯಂ ಹಾಳೆಗಳ ಒಡಲು ಚಾಲಕನ ಬೆನ್ನ ಹಿಂದೆಯೇ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ ಎಂಜಿನ್ನೇ ಚೌಕಟ್ಟು. ನಾಲ್ಕು ಬೋಲ್ಟುಗಳಿಂದ ಒಡಲಿಗೆ ಬಿಗಿದ ಎಂಜಿನ್ನು ಹಿಂಬದಿಯ ಸಸ್ಪೆನ್ಷನ್ನಿನ ಒತ್ತಡವನ್ನು ತಾನೇ ಹೊರುತ್ತದೆ. ಕಾದ ಲೋಹ ಹಿಗ್ಗುವುದರಿಂದ, ಮೇಲಿನ ಎರಡು ಜೋಡಣೆಗಳಿಗೆ ಬಾಗಬಲ್ಲ ತೆಳು ತಗಡುಗಳನ್ನು ಬಳಸಲಾಯಿತು. ಇದರಿಂದ ತೂಕ ಇಳಿದು, ಬಿಗಿತ ಉಳಿಯಿತು. ಈ ತತ್ವವು ಸಂಪೂರ್ಣ ಹೊಸದೇನಲ್ಲ. 1966ರ ಲೋಟಸ್ 43ರಲ್ಲಿಯೂ ಎಂಜಿನ್ನು ಇದೇ ಪಾತ್ರ ವಹಿಸಿತ್ತು. ಆದರೆ ಬಿ.ಆರ್.ಎಂ. ಸಂಸ್ಥೆಯ ಆ ಹದಿನಾರು ಸಿಲಿಂಡರುಗಳ ಎಂಜಿನ್ನು ಅತಿ ಭಾರವೂ ಜಟಿಲವೂ ಆಗಿತ್ತು. ಎಂಜಿನ್ ಮತ್ತು ಕಾರು ಮೊದಲಿನಿಂದಲೂ ಒಂದಕ್ಕಾಗಿ ಇನ್ನೊಂದು ಎಂಬಂತೆ ರೂಪುಗೊಂಡದ್ದು ಲೋಟಸ್ 49ರ ವೈಶಿಷ್ಟ್ಯ.

1967ರ ಜೂನ್ 4ರಂದು ನೆದರ್ಲೆಂಡ್ಸಿನ ಜಾಂಡ್‌ವೂರ್ಟ್‌ನಲ್ಲಿ ಈ ಕಾರು ಮೊದಲ ಬಾರಿಗೆ ಸ್ಪರ್ಧಿಸಿತು. ಗ್ರಹಾಂ ಹಿಲ್ ಮೊದಲ ಸ್ಥಾನದಿಂದ ಹೊರಟರೂ ಎಂಜಿನ್ ಕೆಟ್ಟು ನಿಂತರು. ಎಂಟನೆಯ ಸ್ಥಾನದಿಂದ ಹೊರಟ ಜಿಮ್ ಕ್ಲಾರ್ಕ್ ಗೆದ್ದರು. ಅಲ್ಲಿಂದ ಆ ವರ್ಷದ ಒಂಬತ್ತು ಸ್ಪರ್ಧೆಗಳಲ್ಲಿಯೂ ಅರ್ಹತಾ ಸುತ್ತಿನ ಅಗ್ರಸ್ಥಾನ ಈ ಕಾರಿನದೇ; ಗೆಲುವು ಮಾತ್ರ ನಾಲ್ಕು. ಮಾಂಜಾದಲ್ಲಿ ಒಂದು ಸುತ್ತು ಹಿಂದೆ ಬಿದ್ದ ಕ್ಲಾರ್ಕ್ ಮತ್ತೆ ಮುನ್ನಡೆ ಸಾಧಿಸಿ, ಕೊನೆಯ ಸುತ್ತಿನಲ್ಲಿ ಇಂಧನ ಸಾಲದೆ ಮೂರನೆಯವರಾದರು. ಬಿಡಿಭಾಗಗಳು ಪದೇ ಪದೇ ಕೈಕೊಟ್ಟದ್ದರಿಂದ ಚಾಂಪಿಯನ್ ಪಟ್ಟವು ಅಷ್ಟು ವೇಗವಿಲ್ಲದಿದ್ದರೂ ನಂಬಿಕೆಗೆ ಅರ್ಹವಾಗಿದ್ದ ಬ್ರ್ಯಾಬಮ್ ಕಾರಿನ ಡೆನಿ ಹಲ್ಮ್ ಅವರ ಪಾಲಾಯಿತು.

1968ರ ಜನವರಿ 1ರಂದು ದಕ್ಷಿಣ ಆಫ್ರಿಕದಲ್ಲಿ ಕ್ಲಾರ್ಕ್ ತಮ್ಮ 25ನೆಯ ಗೆಲುವನ್ನು ಪಡೆದು ಫಾಂಜಿಯೊ ಅವರ ದಾಖಲೆಯನ್ನು ಮೀರಿದರು. ಅದೇ ಅವರ ಕೊನೆಯ ಫಾರ್ಮುಲಾ ಒನ್ ಸ್ಪರ್ಧೆ. ಏಪ್ರಿಲ್ 7ರಂದು ಹಾಕನ್‌ಹೈಮ್‌ನಲ್ಲಿ ಫಾರ್ಮುಲಾ ಟೂ ಕಾರು ಚಲಾಯಿಸುತ್ತಿದ್ದಾಗ ಅವರು ಅಪಘಾತದಲ್ಲಿ ಮಡಿದರು. ಡಿ.ಎಫ್.ವಿ. ಎಂಜಿನ್ನು ಆ ವರ್ಷ ಮೆಕ್ಲಾರೆನ್ ಮತ್ತು ಮಾತ್ರಾ ಕಾರುಗಳಿಗೂ ದೊರೆತುದರಿಂದ ಲೋಟಸ್ಸಿಗಿದ್ದ ಏಕಸ್ವಾಮ್ಯ ಅಳಿಯಿತು. ಎದೆಗುಂದಿದ ತಂಡವನ್ನು ಮುನ್ನಡೆಸಿದ ಹಿಲ್, ಸ್ಪೇನ್ ಮತ್ತು ಮೊನಾಕೊಗಳಲ್ಲಿ ಗೆದ್ದು, ಕೊನೆಯ ಸ್ಪರ್ಧೆಯಾದ ಮೆಕ್ಸಿಕೊದ ಗೆಲುವಿನೊಂದಿಗೆ ಚಾಂಪಿಯನ್ ಆದರು.

ಇದೇ ಅವಧಿಯಲ್ಲಿ ಕಾರನ್ನು ನೆಲಕ್ಕೆ ಒತ್ತಿಹಿಡಿಯುವ ಎತ್ತರದ ರೆಕ್ಕೆಗಳು ಬಂದವು. ಅವುಗಳ ಒತ್ತಡ ನೇರವಾಗಿ ಚಕ್ರಗಳಿಗೆ ತಲುಪಲೆಂದು ತೆಳ್ಳನೆಯ ಕಂಬಗಳನ್ನು ಸಸ್ಪೆನ್ಷನ್ನಿಗೇ ಜೋಡಿಸಲಾಗಿತ್ತು. 1969ರ ಮೇ 4ರಂದು ಬಾರ್ಸಿಲೋನಾದ ಮಾಂಟ್‌ಜುಯಿಕ್‌ನಲ್ಲಿ ಹಿಲ್ ಮತ್ತು ಯೋಕೆನ್ ರಿಂಟ್ ಅವರ ಕಾರುಗಳ ರೆಕ್ಕೆಗಳು ರಸ್ತೆಯ ಒಂದೇ ಉಬ್ಬಿನ ಬಳಿ ಮುರಿದು, ಎರಡೂ ಕಾರುಗಳು ಅಪಘಾತಕ್ಕೀಡಾದವು. ರಿಂಟ್ ಗಾಯಗೊಂಡರು. ಮುಂದಿನ ಮೊನಾಕೊ ಸ್ಪರ್ಧೆಯ ವೇಳೆಗೆ ಎತ್ತರದ ರೆಕ್ಕೆಗಳು ನಿಷೇಧಗೊಂಡವು. ತೂಕ ಇಳಿಸುವ ಹಂಬಲಕ್ಕೆ ಚಾಲಕರು ತೆರಬೇಕಾದ ಬೆಲೆಯನ್ನು ಈ ಪ್ರಸಂಗ ಸ್ಪಷ್ಟಪಡಿಸುತ್ತದೆ.

1970ರ ಮೊನಾಕೊದಲ್ಲಿ ರಿಂಟ್ ಗಳಿಸಿದ ಜಯವು ಈ ಕಾರಿನ ಹನ್ನೆರಡನೆಯ ಮತ್ತು ಕೊನೆಯ ವಿಶ್ವ ಚಾಂಪಿಯನ್‌ಷಿಪ್ ಜಯ. ಅದಕ್ಕೆಂದೇ ಹುಟ್ಟಿದ ಎಂಜಿನ್ನಿನ ಕುಲವಾದರೋ 1983ರವರೆಗೆ 155 ಗೆಲುವುಗಳನ್ನು ಕಂಡಿತು. ಗೆಲುವುಗಳ ಎಣಿಕೆಗಿಂತ ರಚನಾಕ್ರಮದಲ್ಲಿಯೇ ಲೋಟಸ್ 49ರ ಮಹತ್ವ ಅಡಗಿದೆ. ಎಂಜಿನ್ನನ್ನೇ ಒಡಲಿನ ಅಂಗವಾಗಿಸುವ ಕ್ರಮವು ಮುಂದಿನ ಫಾರ್ಮುಲಾ ಒನ್ ಕಾರುಗಳ ಸಾಮಾನ್ಯ ಲಕ್ಷಣವಾಗಿ ಉಳಿಯಿತು.