ನಾಣ್ಯಗಳ ರಕ್ಷಣೆ ಮತ್ತು ಸಂಪುಟಗಳ ಆಯ್ಕೆ

ನೆಲದಡಿಯಲ್ಲಿ ಎರಡು ಸಾವಿರ ವರ್ಷಗಳ ಕಾಲ ಉಳಿದುಬಂದ ನಾಣ್ಯವು ಸಂಗ್ರಾಹಕನ ಕಪಾಟನ್ನು ಸೇರಿದ ಹತ್ತಿಪ್ಪತ್ತು ವರ್ಷಗಳಲ್ಲೇ ಹಾಳಾಗುವುದುಂಟು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ದೊರೆತ ಸೀಸದ ನಾಣ್ಯಗಳಲ್ಲಿ ಕೆಲವು ‘ಮಹಾರಠಿ’ ಎಂಬ ಬಿರುದನ್ನು ಬ್ರಾಹ್ಮೀ ಲಿಪಿಯಲ್ಲಿ ಹೊತ್ತಿವೆ. ಸಾತವಾಹನರ ಕಾಲದ ಕರ್ಣಾಟಕವನ್ನು ಅರಿಯಲು ನಮಗಿರುವ ಆಧಾರಗಳಲ್ಲಿ ಇವೂ ಸೇರಿವೆ. ಇಂತಹ ನಾಣ್ಯದ ಮೈ ಬಿಳಿಯ ಪುಡಿಯಾಗಿ ಉದುರಿದರೆ ಅಕ್ಷರಗಳೂ ಅದರೊಡನೆ ಉದುರಿಹೋಗುತ್ತವೆ. ಈ ಹಾನಿಗೆ ಅನೇಕ ವೇಳೆ ನಾಣ್ಯವನ್ನು ಕಾಪಾಡಲೆಂದು ಆರಿಸಿದ ಪೆಟ್ಟಿಗೆ ಅಥವಾ ಆಲ್ಬಮ್ಮೇ ಕಾರಣವಾಗಿರುತ್ತದೆ. ನಾಣ್ಯಗಳನ್ನು ಜೋಡಿಸಿಡುವ ಆಲ್ಬಮ್ಮನ್ನು ಈ ಲೇಖನದಲ್ಲಿ ಸಂಪುಟವೆಂದು ಕರೆದಿದೆ.

ಮೊದಲು ಮಾಸುವಿಕೆಗೂ ಲೋಹಕ್ಷಯಕ್ಕೂ ಇರುವ ಭೇದವನ್ನು ಗಮನಿಸಬೇಕು. ಗಾಳಿಯಲ್ಲಿರುವ ಹೈಡ್ರೊಜನ್ ಸಲ್ಫೈಡ್ ಮುಂತಾದ ಗಂಧಕದ ಅನಿಲಗಳು ಬೆಳ್ಳಿಯೊಡನೆ ಕೂಡಿದಾಗ ಸಿಲ್ವರ್ ಸಲ್ಫೈಡಿನ ತೆಳುವಾದ ಪದರವುಂಟಾಗುತ್ತದೆ. ಅದು ದಪ್ಪವಾದಂತೆ ನಾಣ್ಯದ ಬಣ್ಣ ಹಳದಿ, ಕಂದು, ನೀಲಿಗಳ ಮೂಲಕ ಕಪ್ಪಿಗೆ ತಿರುಗುತ್ತದೆ. ಇದು ಮಾಸುವಿಕೆ. ಲೋಹವೇ ಸವೆದು ಗುಳಿಬಿದ್ದು ಪುಡಿಯಾಗುವುದು ಲೋಹಕ್ಷಯ. ಹಳೆಯ ತಾಮ್ರದ ನಾಣ್ಯಕ್ಕೆ ಕೂಡಿಬಂದಿರುವ ಗಟ್ಟಿಯಾದ ಕಂದು ಪದರವು ಅದಕ್ಕೆ ರಕ್ಷಣೆಯನ್ನೇ ಕೊಡುತ್ತದೆ; ಹುಣಿಸೆಹಣ್ಣಿನಿಂದ ತಿಕ್ಕಿ ಹೊಳಪು ತರುವುದು ಸರಿಯಲ್ಲ.

ಎಲ್ಲ ಲೋಹಗಳಿಗೂ ಶತ್ರು ಒಂದೇ ಅಲ್ಲ. ವಿಜಯನಗರದ ಚಿನ್ನದ ವರಾಹಕ್ಕೆ ಭಯ ಅಲ್ಪ. ವಿಕ್ಟೋರಿಯಾ ರಾಣಿಯ ಕಾಲದ ರೂಪಾಯಿಯಲ್ಲಿ 12 ಭಾಗಕ್ಕೆ 11 ಭಾಗ ಬೆಳ್ಳಿಯಿದ್ದು ಉಳಿದುದು ಇತರ ಲೋಹ. ಅದಕ್ಕೆ ಗಂಧಕವು ಮುಖ್ಯ ವೈರಿ. ಟಿಪ್ಪುವಿನ ಆನೆಯ ಮುದ್ರೆಯುಳ್ಳ ತಾಮ್ರದ ಕಾಸಿಗೆ ಕ್ಲೋರೈಡುಗಳು ಅಪಾಯಕರ. ತಾಮ್ರದೊಳಗೆ ಸೇರಿಕೊಂಡ ಕ್ಲೋರೈಡು ತೇವ ತಗುಲಿದಾಗ ತಿಳಿಹಸಿರು ಪುಡಿಯಾಗಿ ಹೊರಬೀಳುತ್ತದೆ. ತೇವವಿರುವವರೆಗೆ ಈ ಕ್ರಿಯೆ ಮುಂದುವರಿಯುತ್ತದೆ. ಇದನ್ನೇ ‘ಕಂಚಿನ ರೋಗ’ವೆನ್ನುವರು. ಸೀಸಕ್ಕಾದರೋ ಮರ ಮತ್ತು ರಟ್ಟಿನಿಂದ ಹೊರಡುವ ಅಸಿಟಿಕ್ ಆಮ್ಲದ ಆವಿಯೇ ಸಾಕು. ಗಾಳಿಯ ಇಂಗಾಲಾಮ್ಲದ ನೆರವಿನಿಂದ ಅದು ಸೀಸವನ್ನು ಬಿಳಿಯ ಕಾರ್ಬೊನೇಟನ್ನಾಗಿ ಮಾರ್ಪಡಿಸುತ್ತದೆ.

ಈಗ ಸಂಪುಟದ ವಿಚಾರ. ಅಗ್ಗದ ಸಂಪುಟಗಳ ಮೃದುವಾದ, ಕಟುವಾಸನೆಯ ಹಾಳೆಗಳು ಸಾಮಾನ್ಯವಾಗಿ ಪಾಲಿವಿನೈಲ್ ಕ್ಲೋರೈಡಿನವು. ಶುದ್ಧ ಪಾಲಿವಿನೈಲ್ ಕ್ಲೋರೈಡಿನ ತೂಕದಲ್ಲಿ ಸುಮಾರು ನೂರಕ್ಕೆ 57 ಭಾಗ ಕ್ಲೋರಿನ್ನೇ ಇದೆ. ಅದನ್ನು ಮೆದುಗೊಳಿಸಲು ಬೆರೆಸಿದ ತೈಲರೂಪದ ದ್ರವ್ಯವು ಕಾಲಕ್ರಮದಲ್ಲಿ ಹೊರಸೂಸಿ ನಾಣ್ಯಕ್ಕೆ ಅಂಟುತ್ತದೆ. ಹಾಳೆ ಶಿಥಿಲವಾದಂತೆ ಹೈಡ್ರೊಕ್ಲೋರಿಕ್ ಆಮ್ಲವೂ ಹೊರಬಂದು ತಾಮ್ರವಿರುವ ನಾಣ್ಯಗಳ ಮೇಲೆ ಹಸಿರು ಜಿಗುಟನ್ನು ಉಂಟುಮಾಡುತ್ತದೆ. ಉಣ್ಣೆಯ ಬಟ್ಟೆಯಲ್ಲಿಯೂ ರಬ್ಬರಿನ ಪಟ್ಟಿಯಲ್ಲಿಯೂ ಗಂಧಕವಿರುವುದರಿಂದ ಅವೂ ವರ್ಜ್ಯ.

ಮೆದುಗೊಳಿಸುವ ದ್ರವ್ಯವನ್ನು ಬೆರೆಸದ ಪಾಲಿಯೆಸ್ಟರ್, ಪಾಲಿಪ್ರೊಪಿಲಿನ್, ಪಾಲಿಥಿಲಿನ್ ಇವುಗಳ ಹಾಳೆಗಳು ಗ್ರಾಹ್ಯ. ಪಾಲಿಯೆಸ್ಟರ್ ಗಡುಸಾದುದರಿಂದ ನಾಣ್ಯವನ್ನು ಉಜ್ಜಿದಂತೆ ಒಳತಳ್ಳಬಾರದು. ರಟ್ಟಿನ ಚೌಕಟ್ಟುಗಳನ್ನು ಬಳಸುವುದಾದರೆ ಆಮ್ಲರಹಿತವಾದವನ್ನೇ ಆರಿಸಬೇಕು. ಅವುಗಳ ತಂತಿಯ ಪಿನ್ನುಗಳು ತುಕ್ಕುಹಿಡಿದು ನೆರೆಯ ನಾಣ್ಯವನ್ನು ಗೀರದಂತೆ ನೋಡಿಕೊಳ್ಳಬೇಕು. ಸೀಸದ ನಾಣ್ಯಗಳನ್ನು ರಟ್ಟಿನಲ್ಲಾಗಲಿ ಮರದ ಪೆಟ್ಟಿಗೆಯಲ್ಲಾಗಲಿ ಇಡದೆ ಬಣ್ಣ ಚೆನ್ನಾಗಿ ಒಣಗಿದ ಉಕ್ಕಿನ ಕಪಾಟಿನಲ್ಲಿಡುವುದು ಕ್ಷೇಮ.

ಮಾರುವವನ ಮಾತನ್ನೇ ನಂಬಬೇಕಾಗಿಲ್ಲ. ಕಾಲೇಜಿನ ರಸಾಯನಶಾಲೆಯಲ್ಲಿಯೇ ಪರೀಕ್ಷೆ ಸಾಧ್ಯ. ತಾಮ್ರದ ತಂತಿಯನ್ನು ಜ್ವಾಲೆಗೆ ಬಣ್ಣ ಬಾರದಂತಾಗುವವರೆಗೆ ಕಾಯಿಸಿ, ಹಾಳೆಯ ಒಂದು ಚೂರಿಗೆ ತಾಗಿಸಿ, ಮರಳಿ ಜ್ವಾಲೆಯಲ್ಲಿ ಹಿಡಿಯಬೇಕು. ಹಸಿರು ಬಣ್ಣ ಕಂಡರೆ ಕ್ಲೋರಿನ್ ಇದೆಯೆಂದು ಶಂಕಿಸಿ ಅಂತಹ ಸಂಪುಟವನ್ನು ಬಿಡಬೇಕು. ಹೊಗೆ ವಿಷಯುಕ್ತವಾದುದರಿಂದ ಇದನ್ನು ಹೊಗೆಗೂಡಿನಲ್ಲಿ ಅಧ್ಯಾಪಕರ ಸಮ್ಮುಖದಲ್ಲಿಯೇ ಮಾಡತಕ್ಕದ್ದು. ಇದಕ್ಕಿಂತ ವ್ಯಾಪಕವಾದುದು ಬ್ರಿಟಿಷ್ ಮ್ಯೂಸಿಯಮ್ಮಿನ ಆಂಡ್ರ್ಯೂ ಆಡಿ ಅವರು 1973ರಲ್ಲಿ ಪ್ರಕಟಿಸಿದ ಕ್ರಮ. ಪರೀಕ್ಷಿಸಬೇಕಾದ ವಸ್ತುವನ್ನು ಬೆಳ್ಳಿ, ತಾಮ್ರ, ಸೀಸಗಳ ತುಣುಕುಗಳೊಡನೆ ಸ್ವಲ್ಪ ನೀರಿರುವ ಗಾಜಿನ ಪಾತ್ರೆಯಲ್ಲಿ ಭದ್ರವಾಗಿ ಮುಚ್ಚಿ, 60 ಡಿಗ್ರಿ ಸೆಂಟಿಗ್ರೇಡಿನಲ್ಲಿ 28 ದಿನ ಇಡುವರು. ಆ ವಸ್ತುವಿಲ್ಲದೆ ಇಟ್ಟ ಇನ್ನೊಂದು ಪಾತ್ರೆಯ ತುಣುಕುಗಳೊಡನೆ ಇವನ್ನು ಹೋಲಿಸಿದರೆ ಯಾವ ಲೋಹಕ್ಕೆ ಯಾವ ವಸ್ತು ಆಗದೆಂಬುದು ವ್ಯಕ್ತವಾಗುತ್ತದೆ.

ಒಳ್ಳೆಯ ಸಂಪುಟವೂ ತೇವವನ್ನು ತಾನಾಗಿ ತಡೆಯಲಾರದು. ಮಳೆಗಾಲದಲ್ಲಿ ಕಪಾಟಿನಲ್ಲಿ ಸಿಲಿಕಾ ಜೆಲ್ ಇರಿಸಿ, ತಾಮ್ರದ ನಾಣ್ಯಗಳ ಬಳಿ ಸಾಪೇಕ್ಷ ಆರ್ದ್ರತೆಯು ನೂರಕ್ಕೆ 40ನ್ನು ಮೀರದಂತೆ ನೋಡಿಕೊಳ್ಳಬೇಕು. ನಾಣ್ಯವನ್ನು ಅಂಚಿನಲ್ಲಿಯೇ ಹಿಡಿಯಬೇಕು. ಬೆರಳಿನ ಬೆವರಿನಲ್ಲಿ ಉಪ್ಪಿದೆ. ನಾಣ್ಯ ದೊರೆತ ಸ್ಥಳದ ವಿವರವುಳ್ಳ ಚೀಟಿಯನ್ನು ಅದರಿಂದ ಬೇರೆಯಾಗಿ, ಆದರೆ ಅದರ ಸಂಖ್ಯೆಯೊಡನೆ ಇಡಬೇಕು.

ಸಾರಾಂಶವಿಷ್ಟು: ಸಂಪುಟವು ನಾಣ್ಯದೊಡನೆ ಬಹುಕಾಲ ವಾಸಿಸುವ ನೆರೆಯ ದ್ರವ್ಯ. ಅದರ ಅಂದವನ್ನು ನೋಡುವ ಮೊದಲು ಅದರ ಗುಣವನ್ನು ಪರೀಕ್ಷಿಸಬೇಕು. ನಮ್ಮ ಕಾಲೇಜುಗಳಲ್ಲಿ ಇತಿಹಾಸ ಮತ್ತು ರಸಾಯನ ವಿಭಾಗಗಳು ಕೈಜೋಡಿಸಿದರೆ ಈ ಕಾರ್ಯವು ಅಲ್ಪವ್ಯಯದಲ್ಲಿಯೇ ನೆರವೇರುವುದು. ಒಮ್ಮೆ ಅಳಿದ ಅಕ್ಷರಗಳನ್ನಾದರೋ ಯಾವ ವಿಭಾಗವೂ ಮರಳಿ ತರಲಾರದು.